ಮನೆಯ ಇಂಟರ್‌ನೆಟ್ಟಿಗೂ ದಣಪೆ ಬೇಕು

ನಮ್ಮ ಸೊರಬದ ಕಡೆ ಅಡಿಕೆ ತೋಟಕ್ಕೆ ಬೇಲಿ ಇದೆ. ಬೇಲಿಗೆ ದಣಪೆ ಇದೆ. ದಣಪೆ ಹಾಕದೆ ಬಂದರೆ ಏನಾಗುತ್ತೆ? ದನ ನುಗ್ಗುತ್ತವೆ. ಸಸಿ ತಿಂದು ಹಾಕುತ್ತವೆ.

ಈಗ ನಮ್ಮ ಮನೆಗಳಿಗೆ ಇಂಟರ್‌ನೆಟ್ ಬಂದಿದೆ. ಮಕ್ಕಳು ಅದರಲ್ಲಿ ಪಾಠ ನೋಡುತ್ತಾರೆ. ಅಡಿಕೆ ಮಾರಿದ ಹಣ ಬ್ಯಾಂಕಿಗೆ ಬಂತಾ ಅಂತ ನಾವು ಫೋನಿನಲ್ಲೇ ನೋಡುತ್ತೇವೆ. ಇದಕ್ಕೆ ಬೇಲಿ ಬೇಡವೇ?

ಹೊರಗಿನಿಂದ ಬಂದ ಇಂಟರ್‌ನೆಟ್ಟನ್ನು ಮನೆಯ ಫೋನುಗಳಿಗೆ ಹಂಚುವ ಸಣ್ಣ ಪೆಟ್ಟಿಗೆಯೇ ರೂಟರ್. ಅದರೊಳಗಿನ ಕಾವಲಿಗೆ ಫೈರ್‌ವಾಲ್ ಅನ್ನುತ್ತಾರೆ. ನಾವು ಕೇಳಿದ್ದನ್ನು ಅದು ಒಳಗೆ ಬಿಡುತ್ತದೆ. ಕರೆಯದೆ ಬಂದದ್ದನ್ನು ಹೊರಗೇ ತಡೆಯುತ್ತದೆ.

ಇದಕ್ಕೆ ತುಂಬಾ ದುಡ್ಡು ಬೇಕಾ? ಬೇಡ. ಕಡಿಮೆ ಬೆಲೆಯ ರೂಟರಿನಲ್ಲೂ ಈ ಕಾವಲು ಸಾಮಾನ್ಯವಾಗಿ ಇರುತ್ತದೆ. ಇಂಟರ್‌ನೆಟ್ ಹಾಕಿಕೊಡುವವರನ್ನು ಮೊದಲು ಕೇಳೋಣ: “ನೀವು ಕೊಡುವ ಪೆಟ್ಟಿಗೆಯಲ್ಲೇ ರೂಟರ್ ಇದೆಯಾ?” ಇದ್ದರೆ ಬೇರೆ ಕೊಳ್ಳುವುದು ಬೇಡ.

ಕೊಳ್ಳಲೇಬೇಕಾದರೆ ಅಂಗಡಿಯಲ್ಲಿ ನಾಲ್ಕು ಮಾತು ಕೇಳೋಣ.

1. ನಮ್ಮ ಮನೆಯ ಇಂಟರ್‌ನೆಟ್ಟಿಗೆ ಇದು ಹೊಂದುತ್ತಾ?
2. ಫೈರ್‌ವಾಲ್ ಇದೆಯಾ?
3. ವೈಫೈಗೆ ಡಬ್ಲ್ಯುಪಿಎ 2 ಅಥವಾ ಡಬ್ಲ್ಯುಪಿಎ 3 ಬೀಗ ಇದೆಯಾ? 3 ಹೊಸದು, ಹೆಚ್ಚು ಗಟ್ಟಿ.
4. ಕಂಪನಿಯವರು ಇದರ ಸಾಫ್ಟ್‌ವೇರ್ ಆಗಾಗ ಸರಿಪಡಿಸಿ ಕಳಿಸ್ತಾರಾ?

ರಸೀದಿ ಕೇಳಿ ಪಡೆಯೋಣ.

ಪೆಟ್ಟಿಗೆ ಮನೆಗೆ ಬಂತು. ಕೆಲಸ ಮುಗಿಯಿತೇ? ಇಲ್ಲ. 2016ರಲ್ಲಿ ಮಿರಾಯ್ ಎಂಬ ಕೆಟ್ಟ ಪ್ರೋಗ್ರಾಂ ಹಲವು ದೇಶಗಳಲ್ಲಿ ರೂಟರು, ಕ್ಯಾಮೆರಾಗಳ ಒಳಗೆ ನುಗ್ಗಿತು. ಹೇಗೆ? ಅವುಗಳಲ್ಲಿ ಕಂಪನಿ ಇಟ್ಟ ಪಾಸ್‌ವರ್ಡೇ ಹಾಗೇ ಇತ್ತು. ಎಲ್ಲರಿಗೂ ಗೊತ್ತಿರುವ ಕೀಲಿಯಿಂದ ಬೀಗ ಹಾಕಿದರೇನು, ಬಿಟ್ಟರೇನು?

ವೈಫೈಗೆ ಒಂದು ಪಾಸ್‌ವರ್ಡ್. ರೂಟರಿನ ಸೆಟ್ಟಿಂಗ್‌ಗೆ ಇನ್ನೊಂದು. ಜೋಡಿಸಲು ಬಂದವರನ್ನು ಕೂರಿಸಿಕೊಂಡು ಎರಡನ್ನೂ ಬದಲಿಸೋಣ. ಫೈರ್‌ವಾಲ್ ಆನ್ ಆಗಿದೆಯಾ, ತೋರಿಸಿ ಅನ್ನೋಣ. ಹೊಸ ಪಾಸ್‌ವರ್ಡನ್ನು ನಮ್ಮ ಕೈಯಿಂದಲೇ ಬರೆದು ಜೋಪಾನ ಮಾಡೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಒಂದು ಮಾತು ನೆನಪಿರಲಿ. “ಬ್ಯಾಂಕಿನಿಂದ ಮಾತಾಡ್ತಿದೀವಿ, ಓಟಿಪಿ ಹೇಳಿ” ಅಂತ ಯಾರಾದರೂ ಕೇಳಿದರೆ ಹೇಳಬಾರದು. ಮೋಸವಾಗಿ ಹಣ ಹೋದರೆ ನಾಚಿಕೆ ಬೇಡ, ತಡವೂ ಬೇಡ. ಕೂಡಲೇ 1930ಕ್ಕೆ ಫೋನ್ ಮಾಡೋಣ.

ದಣಪೆಯನ್ನು ನಾವೇ ತೆಗೆದುಕೊಟ್ಟರೆ ಬೇಲಿ ಏನು ಮಾಡೀತು?