ಒಂದು ಗಣಕಕ್ಕೆ ಆರು ಕಾರ್ಡು

ಗಣಿಗಾರಿಕೆ ಎಂದೊಡನೆ ನಮ್ಮ ತಲೆಮಾರಿನವರ ಕಣ್ಣಮುಂದೆ ನಿಲ್ಲುವುದು ಕೋಲಾರದ ಚಿನ್ನದ ಗಣಿ, ಬಳ್ಳಾರಿಯ ಕೆಂಧೂಳಿ. ಇನ್ನೂ ಹತ್ತಿರಕ್ಕೆ ಬಂದರೆ ನಮ್ಮ ಕಾಸರಗೋಡಿನ ಗುಡ್ಡಗಳ ಮುರಕಲ್ಲಿನ ಕೋರೆ. ಈಚಿನ ವರ್ಷಗಳಲ್ಲಿ ಯುವಕರ ಬಾಯಲ್ಲಿ ಈ ಮಾತಿಗೆ ಬೇರೊಂದು ಅರ್ಥ ಹುಟ್ಟಿಕೊಂಡಿದೆ. ಮಣ್ಣನ್ನು ಮುಟ್ಟದೆ, ಮನೆಯ ಕೋಣೆಯೊಂದರಲ್ಲಿ ಗಣಕಯಂತ್ರವನ್ನು ಹಗಲಿರುಳು ಓಡಿಸಿ, ಕೈಗೆ ಸಿಗದ ನಾಣ್ಯವನ್ನು ಸಂಪಾದಿಸುವ ಉದ್ಯೋಗಕ್ಕೂ ಅವರು ಗಣಿಗಾರಿಕೆ ಎಂದೇ ಹೇಳುತ್ತಾರೆ.

ಹೆತ್ತವರು ಶಾಲೆಯ ಜಗಲಿಯಲ್ಲಿ ನಮ್ಮನ್ನು ಕಂಡಾಗ ಕೇಳುವುದುಂಟು: “ಮಾಷ್ಟ್ರೇ, ಇದು ಜೂಜೋ ವ್ಯಾಪಾರವೋ? ಮಗನಿಗೆ ಇನ್ನೂ ಎರಡು ಕಾರ್ಡು ಬೇಕಂತೆ. ತೆಗೆದುಕೊಡಬಹುದೋ?” ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಉಚಿತವಲ್ಲ. ಒಂದು ಗಣಕಕ್ಕೆ ಹೆಚ್ಚಿನ ಕಾರ್ಡುಗಳನ್ನು ಜೋಡಿಸುವುದೆಂದರೇನು, ಆಗ ಮನೆಯ ಮೇಲೆ ಯಾವ ಭಾರ ಬೀಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅದನ್ನು ಸಾಧ್ಯವಾದಷ್ಟು ಸರಳವಾಗಿ ಹೇಳುವುದಷ್ಟೇ ಈ ಲೇಖನದ ಉದ್ದೇಶ.

ಊಹೆಯ ದುಡಿಮೆ

ಬಿಟ್‌ಕಾಯಿನ್ ಎಂಬ ನಾಣ್ಯದ ಲೆಕ್ಕಪುಸ್ತಕ ೨೦೦೯ರ ಜನವರಿ ೩ರಂದು ಆರಂಭವಾಯಿತು. ಅದಕ್ಕೆ ಬ್ಯಾಂಕಿಲ್ಲ, ಗುಮಾಸ್ತನಿಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಲೆಕ್ಕದ ಪ್ರತಿ ಲೋಕದಾದ್ಯಂತ ಹರಡಿದ ಸಾವಿರಾರು ಗಣಕಗಳಲ್ಲಿ ಇರುತ್ತದೆ. ಆ ಪುಸ್ತಕಕ್ಕೆ ಹೊಸ ಹಾಳೆಯನ್ನು ಸೇರಿಸುವ ಹಕ್ಕು ಒಂದು ಒಗಟನ್ನು ಎಲ್ಲರಿಗಿಂತ ಮೊದಲು ಬಿಡಿಸಿದವರಿಗೆ ಸಲ್ಲುತ್ತದೆ. ಒಗಟು ಜಾಣ್ಮೆಯದಲ್ಲ, ಅಂಕಿಗಳ ಬೀಗವುಳ್ಳ ಪೆಟ್ಟಿಗೆಯನ್ನು ತೆರೆಯಲು ಒಂದಾದ ಮೇಲೊಂದು ಸಂಖ್ಯೆಯನ್ನು ತಿರುಗಿಸಿ ನೋಡುವಂಥ ಬರಿಯ ಊಹೆ. ಗೆದ್ದವರಿಗೆ ಹೊಸ ನಾಣ್ಯಗಳ ಬಹುಮಾನ. ಬಿಟ್‌ಕಾಯಿನ್‌ನಲ್ಲಿ ಮೊದಲು ೫೦ ನಾಣ್ಯಗಳಿದ್ದ ಈ ಬಹುಮಾನ, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಬಂದು ೨೦೨೪ರ ಏಪ್ರಿಲಿನಲ್ಲಿ ೩.೧೨೫ ಆಯಿತು.

ಇಂಥ ಊಹೆಯ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡು ಒದಗಿ ಬಂದುದು ಹೇಗೆ? ಆಟಗಳ ಚಿತ್ರಗಳನ್ನು ಪರದೆಯ ಮೇಲೆ ಮೂಡಿಸಲು ಹುಟ್ಟಿದ ಉಪಕರಣವಿದು. ಗಣಕದ ಮುಖ್ಯ ಸಂಸ್ಕಾರಕವನ್ನು ಎಂಟೋ ಹದಿನಾರೋ ಮಂದಿ ಪಂಡಿತರಿಗೆ ಹೋಲಿಸಿದರೆ, ಕಾರ್ಡೆಂಬುದು ಮಗ್ಗಿ ಬಲ್ಲ ಸಾವಿರಾರು ಮಕ್ಕಳ ಶಾಲೆ. ಎನ್ವಿಡಿಯಾ ಸಂಸ್ಥೆ ೨೦೨೦ರಲ್ಲಿ ಹೊರತಂದ ಆರ್‌ಟಿಎಕ್ಸ್ ೩೦೭೦ ಎಂಬ ಕಾರ್ಡಿನಲ್ಲಿ ೫,೮೮೮ ಸಣ್ಣ ಗಣನಾ ಘಟಕಗಳಿವೆ. ಒಂದೇ ಬಗೆಯ ಸುಲಭ ಲೆಕ್ಕವನ್ನು ಕೋಟಿಗಟ್ಟಲೆ ಸಲ ಮಾಡಬೇಕಾದಲ್ಲಿ ಪಂಡಿತರಿಗಿಂತ ಈ ಮಕ್ಕಳೇ ಮೇಲು.

೨೦೧೩ರಿಂದ ಬಿಟ್‌ಕಾಯಿನ್ನಿಗೆಂದೇ ಮಾಡಿದ ಯಂತ್ರಗಳು ಬಂದು ಕಾರ್ಡುಗಳನ್ನು ಆ ಕಣದಿಂದ ಹೊರದೂಡಿದವು. ಆದರೆ ೨೦೧೫ರ ಜುಲೈ ೩೦ರಂದು ಆರಂಭವಾದ ಈಥೀರಿಯಂ ಜಾಲದ ಒಗಟು ಬೇರೆ ಬಗೆಯದು. ದೊಡ್ಡದೊಂದು ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಓದುವ ಕೆಲಸ ಅದರಲ್ಲಿತ್ತು. ವೇಗವಾದ ಸ್ಮೃತಿಯುಳ್ಳ ಗ್ರಾಫಿಕ್ಸ್ ಕಾರ್ಡಿಗೆ ಅದು ಹೇಳಿ ಮಾಡಿಸಿದಂತಿತ್ತು. ಒಂದೇ ಗಣಕಕ್ಕೆ ಆರು, ಎಂಟು, ಹನ್ನೆರಡು ಕಾರ್ಡುಗಳನ್ನು ಜೋಡಿಸುವ ಪದ್ಧತಿ ಮನೆಮನೆಗೆ ಹಬ್ಬಿದುದು ಬಹುಮಟ್ಟಿಗೆ ಈ ನಾಣ್ಯದಿಂದಲೇ.

ಸುದ್ದಿಯ ದಾರಿ

ಗಣಕದ ಮದರ್‌ಬೋರ್ಡಿನಲ್ಲಿ ಕಾರ್ಡು ಕೂರಿಸುವ ಉದ್ದನೆಯ ಗಾಡಿಯೊಂದಿರುತ್ತದೆ. ಅದರಲ್ಲಿ ಸುದ್ದಿ ಹೋಗಿಬರಲು ೧೬ ಪಥಗಳು. ಅದರ ಪಕ್ಕದಲ್ಲಿ ಒಂದೇ ಪಥದ ಗಿಡ್ಡ ಗಾಡಿಗಳೂ ಕೆಲವಿರುತ್ತವೆ. ಆಟವಾಡುವಾಗ ಚಿತ್ರಗಳ ಹೊರೆ ದೊಡ್ಡದಾದ್ದರಿಂದ ೧೬ ಪಥಗಳೂ ಬೇಕು. ಗಣಿಗಾರಿಕೆಯಲ್ಲಿ ಹಾಗಲ್ಲ. “ಈ ಲೆಕ್ಕ ಮಾಡು” ಎಂಬ ಸಣ್ಣ ಅಪ್ಪಣೆ ಕಾರ್ಡಿಗೆ ಹೋಗುತ್ತದೆ. “ಉತ್ತರ ಸಿಕ್ಕಿತು” ಎಂಬ ಸಣ್ಣ ಓಲೆ ಹಿಂದಿರುಗುತ್ತದೆ. ನಡುವಿನ ದುಡಿಮೆಯೆಲ್ಲ ಕಾರ್ಡಿನೊಳಗೇ ಮುಗಿಯುವುದರಿಂದ ಒಂದೇ ಪಥ ಧಾರಾಳವಾಗಿ ಸಾಕಾಗುತ್ತದೆ.

ಈ ಅನುಕೂಲವನ್ನು ಬಳಸಿಕೊಂಡ ಸಾಧನವೇ ರೈಸರ್. ಗಿಡ್ಡ ಗಾಡಿಯಲ್ಲಿ ಕೂರುವ ಬೆರಳುದ್ದದ ಒಂದು ಪಟ್ಟಿ, ಅದರಿಂದ ಹೊರಡುವ ಒಂದು ಕೇಬಲ್, ಕೇಬಲಿನ ಇನ್ನೊಂದು ತುದಿಯಲ್ಲಿ ದೊಡ್ಡ ಕಾರ್ಡನ್ನು ಕೂರಿಸಬಹುದಾದ ಪುಟ್ಟ ಬೋರ್ಡು: ಇಷ್ಟೇ ಅದರ ರಚನೆ. ಕೇಬಲು ಯುಎಸ್‌ಬಿ ಜಾತಿಯದೇ ಆದರೂ ಅದರಲ್ಲಿ ಹರಿಯುವುದು ಯುಎಸ್‌ಬಿಯ ಸಂಕೇತವಲ್ಲ. ಗಣಕದ ಯುಎಸ್‌ಬಿ ಕಿಂಡಿಗೆ ಅದನ್ನು ಎಂದೂ ಸಿಕ್ಕಿಸಬಾರದು. ಹೀಗೆ ಹೊರತಂದ ಕಾರ್ಡುಗಳನ್ನು ಅಲ್ಯೂಮಿನಿಯಮ್ ಚೌಕಟ್ಟಿನ ಮೇಲೆ, ಗಾಳಿಯಾಡುವಷ್ಟು ಅಂತರವಿಟ್ಟು ಸಾಲಾಗಿ ನಿಲ್ಲಿಸುತ್ತಾರೆ. ೨೦೧೭ರಲ್ಲಿ ಇದಕ್ಕೆಂದೇ ೧೩ ಗಾಡಿಗಳ, ೧೯ ಗಾಡಿಗಳ ಮದರ್‌ಬೋರ್ಡುಗಳೂ ಮಾರುಕಟ್ಟೆಗೆ ಬಂದವು.

ಇಲ್ಲಿಯ ತನಕ ಕೆಲಸ ಸುಲಭ. ಹೈಸ್ಕೂಲಿನ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಮಾಡಿಯಾನು. ಅಪಾಯವಿರುವುದು ಎರಡನೆಯ ದಾರಿಯಲ್ಲಿ.

ಶಕ್ತಿಯ ದಾರಿ

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಒಂದು ಸಂಗತಿ ಗೊತ್ತು. ಪೈಪಿಗೆ ಇನ್ನೂ ನಾಲ್ಕು ಕವಲು ತೆಗೆಯುವುದು ಕಷ್ಟವಲ್ಲ. ಪಂಪೂ ಮುಖ್ಯ ಪೈಪೂ ಅದನ್ನು ತಾಳಬೇಕು. ತೋಟದಲ್ಲಿ ತಾಳದಿದ್ದರೆ ಕೊನೆಯ ಸಾಲಿಗೆ ನೀರು ಏರುವುದಿಲ್ಲ, ಅಷ್ಟೇ. ವಿದ್ಯುತ್ತಿನಲ್ಲಿ ತಾಳದಿದ್ದರೆ ತಂತಿ ಬಿಸಿಯಾಗುತ್ತದೆ.

ಕಾರ್ಡೊಂದು ತಾನು ಕುಳಿತ ಗಾಡಿಯಿಂದಲೇ ೭೫ ವಾಟ್ ತನಕ ಶಕ್ತಿಯನ್ನು ಎಳೆಯಬಹುದು. ಅದು ಸಾಲದ ಕಾರ್ಡುಗಳಿಗೆ ನೇರವಾಗಿ ಬೇರೆ ಸಂಪರ್ಕವುಂಟು: ಆರು ಪಿನ್ನಿನದಕ್ಕೆ ೭೫ ವಾಟ್, ಎಂಟು ಪಿನ್ನಿನದಕ್ಕೆ ೧೫೦ ವಾಟ್. ರೈಸರ್ ಬಳಸಿದಾಗ ಗಾಡಿಯ ಪಾಲಿನ ಶಕ್ತಿ ಮದರ್‌ಬೋರ್ಡಿನಿಂದ ಬಾರದು. ಪೇಟೆಯಲ್ಲಿ ಎಸ್‌ಎಂಪಿಎಸ್ ಎಂದು ಕರೆಯುವ ಶಕ್ತಿಪೆಟ್ಟಿಗೆಯಿಂದ ರೈಸರಿನ ಬೋರ್ಡಿಗೇ ಅದನ್ನು ಒದಗಿಸಬೇಕು. ಅನೇಕ ರೈಸರುಗಳ ಜೊತೆಗೆ ಹಾರ್ಡ್ ಡಿಸ್ಕಿಗೆ ಬಳಸುವ ಸಾಟಾ ಪ್ಲಗ್ಗಿನ ತಂತಿಯನ್ನು ಇಟ್ಟು ಮಾರಿದ್ದರಿಂದ ಬಹಳ ಮಂದಿ ಅದನ್ನೇ ಸಿಕ್ಕಿಸಿದರು.

ಇಲ್ಲಿ ಹತ್ತನೆಯ ತರಗತಿಯ ಭೌತಶಾಸ್ತ್ರದ ಪಾಠವೊಂದು ಪ್ರಯೋಜನಕ್ಕೆ ಬರುತ್ತದೆ. ಸಾಟಾ ಪ್ಲಗ್ಗಿನಲ್ಲಿ ೧೨ ವೋಲ್ಟಿಗೆ ಮೂರು ಪಿನ್ನುಗಳಿವೆ. ಒಂದೊಂದು ತಾಳುವುದು ೧.೫ ಆಂಪಿಯರ್, ಒಟ್ಟು ೪.೫ ಆಂಪಿಯರ್, ಎಂದರೆ ೫೪ ವಾಟ್. ಅದರ ಮೂಲಕ ೭೫ ವಾಟ್ ಹರಿದರೆ ಪ್ರವಾಹ ೬.೨೫ ಆಂಪಿಯರ್ ಆಗುತ್ತದೆ. ಪ್ರವಾಹ ಏರಿದ್ದು ಒಂದೂವರೆ ಪಟ್ಟಿಗಿಂತ ಕಡಿಮೆಯೇ. ಆದರೆ ಜೂಲನ ನಿಯಮದಂತೆ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಪ್ಲಗ್ಗಿನೊಳಗಿನ ಬಿಸಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದೂ ಒಂದು ಗಂಟೆಯಲ್ಲ, ಹಗಲಿರುಳು.

೨೦೨೧ರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇದರ ಫಲವನ್ನು ನಾವು ಕಣ್ಣಾರೆ ಕಂಡೆವು. ಅಟ್ಟದ ಕೋಣೆಯಲ್ಲಿ ಆರು ಕಾರ್ಡುಗಳು. ಪಕ್ಕದಲ್ಲಿಯೇ ಒಣಗಿದ ಅಡಿಕೆಯ ಗೋಣಿಗಳು. ತಲೆಯ ಮೇಲೆ ಹಳೆಯ ಮರದ ಜಂತಿ. ಬಿಳಿಯ ಪ್ಲಗ್ಗೊಂದು ಕಂದು ಬಣ್ಣಕ್ಕೆ ತಿರುಗಿ, ಕರಗಿ, ಸಂಪರ್ಕಕ್ಕೆ ಅಂಟಿಕೊಂಡಿತ್ತು. ಸುಟ್ಟ ವಾಸನೆ ಮೊದಲು ಹತ್ತಿದ್ದು ಅಡುಗೆಮನೆಯಲ್ಲಿದ್ದ ಅವನ ತಾಯಿಗೆ. ಅಂದು ಮನೆಯವರೆಲ್ಲ ಮದುವೆಗೆಂದು ಹೊರಟಿದ್ದರೆ ಏನಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಈ ಎಚ್ಚರಿಕೆಗಳು ಅಗತ್ಯ. ರೈಸರಿಗೆ ಶಕ್ತಿಪೆಟ್ಟಿಗೆಯಿಂದ ಆರು ಪಿನ್ನಿನ ತಂತಿಯನ್ನೇ ನೇರವಾಗಿ ಕೊಡಬೇಕು. ಒಂದೇ ತಂತಿಗೆ ಹಲವು ರೈಸರುಗಳನ್ನು ಪೋಣಿಸಬಾರದು. ಎರಡು ಶಕ್ತಿಪೆಟ್ಟಿಗೆಗಳಿದ್ದಲ್ಲಿ ಒಂದು ಕಾರ್ಡಿಗೂ ಅದರ ರೈಸರಿಗೂ ಒಂದೇ ಪೆಟ್ಟಿಗೆಯಿಂದ ಶಕ್ತಿ ಹೋಗಬೇಕು. ಒಂದು ಕಂಪೆನಿಯ ಪೆಟ್ಟಿಗೆಗೆ ಇನ್ನೊಂದರ ತಂತಿ ಗಾತ್ರದಲ್ಲಿ ಹೊಂದಿದರೂ ಪಿನ್ನುಗಳ ಕ್ರಮ ಬೇರೆಯಿರಬಹುದು. ಅದಲುಬದಲು ಮಾಡಿದರೆ ಕಾರ್ಡೇ ಸುಟ್ಟೀತು. ಪೆಟ್ಟಿಗೆಯ ಮೇಲೆ ಬರೆದ ಸಾಮರ್ಥ್ಯದಲ್ಲಿ ಐದನೆಯ ಒಂದು ಪಾಲನ್ನಾದರೂ ಬಳಸದೆ ಉಳಿಸಿಕೊಳ್ಳುವುದು ವಿವೇಕ.

ಜೋಡಣೆಯ ಕ್ರಮ

ಎಲ್ಲ ಕಾರ್ಡುಗಳನ್ನೂ ಒಮ್ಮೆಗೇ ಸಿಕ್ಕಿಸಿ ಗುಂಡಿ ಒತ್ತುವುದು ಅವಸರದವರ ದಾರಿ. ಮೊದಲು ಒಂದೇ ಕಾರ್ಡಿನಿಂದ ಗಣಕ ಸರಿಯಾಗಿ ಏಳುತ್ತದೆಯೇ ಎಂದು ನೋಡಬೇಕು. ಆಮೇಲೆ ಪ್ರತಿ ಸಲವೂ ವಿದ್ಯುತ್ತನ್ನು ಪೂರ್ತಿ ತೆಗೆದು ಒಂದೊಂದೇ ಕಾರ್ಡನ್ನು ಸೇರಿಸುತ್ತ ಹೋಗಬೇಕು. ತೊಂದರೆ ಕಂಡರೆ ಅದು ಯಾವ ಕಾರ್ಡಿನದು, ಯಾವ ರೈಸರಿನದು ಎಂದು ಕೂಡಲೇ ತಿಳಿಯುತ್ತದೆ.

ನಾಲ್ಕೈದನೆಯ ಕಾರ್ಡು ಸೇರಿದೊಡನೆ ಗಣಕ ಏಳದೆ ಮುಷ್ಕರ ಹೂಡುವುದುಂಟು. ಕಾರಣ ಹೀಗಿದೆ: ಪ್ರತಿಯೊಂದು ಕಾರ್ಡಿಗೂ ಗಣಕದ ವಿಳಾಸಪಟ್ಟಿಯಲ್ಲಿ ಒಂದಿಷ್ಟು ಜಾಗ ಬೇಕು. ಹಳೆಯ ಪದ್ಧತಿಯಂತೆ ಈ ಜಾಗವನ್ನು ಮೊದಲ ನಾಲ್ಕು ಗಿಗಾಬೈಟಿನೊಳಗೇ ಹಂಚಲಾಗುತ್ತದೆ. ಹಾಜರಿ ಪುಸ್ತಕದ ಗೆರೆಗಳು ಮುಗಿದ ಮೇಲೆ ಬಂದ ಮಗುವಿನಂತೆ ಹೊಸ ಕಾರ್ಡಿಗೆ ಹೆಸರು ಬರೆಯಲು ಎಡೆಯಿರುವುದಿಲ್ಲ. ಬಯಾಸ್ ಎಂಬ ಮೂಲ ವ್ಯವಸ್ಥೆಯಲ್ಲಿ ‘ಅಬವ್ ಫೋರ್ ಜಿ ಡಿಕೋಡಿಂಗ್’ ಎಂಬ ಆಯ್ಕೆಯನ್ನು ತೆರೆದರೆ ಪುಸ್ತಕಕ್ಕೆ ಹೊಸ ಹಾಳೆಗಳು ಸೇರಿದಂತಾಗುತ್ತದೆ. ಕಾರ್ಡು ಆಗಾಗ ಕಾಣೆಯಾಗುತ್ತಿದ್ದರೆ ಗಾಡಿಯ ವೇಗವನ್ನು ಮೊದಲ ಅಥವಾ ಎರಡನೆಯ ಪೀಳಿಗೆಗೆ ಇಳಿಸುವುದು, ರೈಸರಿನ ಕೇಬಲನ್ನು ಬದಲಿಸುವುದು ರೂಢಿಯಲ್ಲಿರುವ ಪರಿಹಾರಗಳು.

ಮನೆಯ ತಂತಿ

ಆರು ಕಾರ್ಡುಗಳು, ಒಂದೊಂದಕ್ಕೆ ೧೩೦ ವಾಟ್ ಎಂದಿಟ್ಟುಕೊಳ್ಳೋಣ, ೭೮೦ ಆಯಿತು. ಗಣಕದ ಉಳಿದ ಭಾಗಗಳಿಗೆ ೭೦ ಸೇರಿಸಿದರೆ ೮೫೦. ಶಕ್ತಿಪೆಟ್ಟಿಗೆಯಲ್ಲಿ ಹತ್ತನೆಯ ಒಂದು ಪಾಲು ಶಾಖವಾಗಿ ಕಳೆದುಹೋಗುತ್ತದೆಂದು ಹಿಡಿದರೆ ಗೋಡೆಯಿಂದ ಎಳೆಯುವುದು ಸುಮಾರು ೯೪೫ ವಾಟ್. ೨೩೦ ವೋಲ್ಟಿನಲ್ಲಿ ಇದು ೪.೧ ಆಂಪಿಯರ್; ೬ ಆಂಪಿಯರಿನ ಸಾಮಾನ್ಯ ಸಾಕೆಟ್ಟಿನ ಮಿತಿಯೊಳಗೇ ಇದೆ. ಕಾರ್ಡು ಹನ್ನೆರಡಾದರೆ ೭.೯ ಆಂಪಿಯರ್, ಮಿತಿ ಮೀರಿತು. ಆಗ ೧೬ ಆಂಪಿಯರಿನ ಸಾಕೆಟ್ಟು, ಅದಕ್ಕೆ ತಕ್ಕ ದಪ್ಪದ ತಂತಿ, ಸರಿಯಾದ ಅರ್ತ್ ಬೇಕೇ ಬೇಕು. ಹಳೆಯ ಮನೆಗಳಲ್ಲಿ ಒಂದೇ ಕವಲಿನಲ್ಲಿ ಫ್ಯಾನು, ದೀಪ, ಮಿಕ್ಸಿ ಎಲ್ಲವೂ ಇರುವುದರಿಂದ ಆರು ಕಾರ್ಡಿಗೇ ಆದರೂ ಬಲ್ಲ ಇಲೆಕ್ಟ್ರಿಷಿಯನನಿಗೆ ತೋರಿಸುವುದು ಲೇಸು. ಅಂಗಡಿಯಲ್ಲಿ ಸಿಗುವ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡು ಈ ಕೆಲಸಕ್ಕೆ ಸಲ್ಲದು.

ಎಳೆದ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿ ಕೋಣೆಯಲ್ಲೇ ಉಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಸಾವಿರ ವಾಟಿನ ಹೀಟರನ್ನು ಹಗಲಿರುಳು ಉರಿಸಿದಂತೆ ಅದು. ತುಲಾ ಮಾಸದ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡದೆ ಬೇರೆ ಉಪಾಯವಿಲ್ಲ.

ಲೆಕ್ಕದ ಪುಸ್ತಕ

೯೪೫ ವಾಟಿನ ಯಂತ್ರ ದಿನವಿಡೀ ಓಡಿದರೆ ೩೦ ದಿನಕ್ಕೆ ಸುಮಾರು ೬೮೦ ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿಯೆಂದು ಹಿಡಿದರೂ ತಿಂಗಳಿಗೆ ೫,೪೪೦ ರೂಪಾಯಿ. ಕೇರಳದಲ್ಲಿ ಮನೆಬಳಕೆ ತಿಂಗಳಿಗೆ ೨೫೦ ಯೂನಿಟ್ ಮೀರಿದರೆ ಮೊದಲ ಯೂನಿಟ್ಟುಗಳಿಗೆ ಸಿಗುತ್ತಿದ್ದ ಕಡಿಮೆ ದರವೂ ತಪ್ಪಿ, ಎಲ್ಲ ಯೂನಿಟ್ಟುಗಳಿಗೂ ಒಂದೇ ಏರಿದ ದರ ಬೀಳುತ್ತದೆ. ಅಂದರೆ ಅಡುಗೆಮನೆಯ ದೀಪದ ಖರ್ಚೂ ಏರಿತು.

ಇನ್ನು ವರಮಾನದ ಮಾತು. ೨೦೨೨ರ ಸೆಪ್ಟೆಂಬರ್ ೧೫ರಂದು ಈಥೀರಿಯಂ ಜಾಲವು ಒಗಟು ಬಿಡಿಸುವ ಪದ್ಧತಿಯನ್ನೇ ಕೈಬಿಟ್ಟಿತು. ನಾಣ್ಯಗಳನ್ನು ಠೇವಣಿಯಿಟ್ಟವರೇ ಲೆಕ್ಕವನ್ನು ದೃಢಪಡಿಸುವ ವಿಧಾನ ಜಾರಿಗೆ ಬಂತು. ಜಾಲದ ವಿದ್ಯುತ್ ಬಳಕೆ ಶೇಕಡಾ ೯೯ಕ್ಕಿಂತಲೂ ಹೆಚ್ಚು ಇಳಿಯಿತು. ಲೋಕಕ್ಕೆ ಅದು ಲಾಭವೇ. ಆದರೆ ಸಾಲ ಮಾಡಿ ಕಾರ್ಡು ಕೊಂಡವರ ಯಂತ್ರಗಳಿಗೆ ಅಂದಿನಿಂದ ಆ ಕೆಲಸವಿಲ್ಲ. ಈಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್ ಮೊದಲಾದ ಸಣ್ಣ ನಾಣ್ಯಗಳ ಕಡೆಗೆ ಎಲ್ಲರೂ ಒಮ್ಮೆಗೇ ನುಗ್ಗಿದ್ದರಿಂದ ಒಬ್ಬೊಬ್ಬರ ಪಾಲಿಗೆ ಬಂದದ್ದು ಅಲ್ಪ. ಈ ಬದಲಾವಣೆ ಗುಟ್ಟಾಗಿ ಬಂದುದಲ್ಲ. ವರ್ಷಗಳ ಮೊದಲೇ ಸಾರಿ ಹೇಳಿದ್ದು.

ತೆರಿಗೆಯನ್ನೂ ಮರೆಯಲಾಗದು. ನಮ್ಮ ದೇಶದಲ್ಲಿ ೨೦೨೨ರ ಏಪ್ರಿಲ್ ೧ರಿಂದ ಇಂಥ ನಾಣ್ಯಗಳ ಮಾರಾಟದ ಲಾಭಕ್ಕೆ ಶೇಕಡಾ ೩೦ ತೆರಿಗೆ. ಗಣಿಗಾರಿಕೆಯ ಯಂತ್ರೋಪಕರಣಗಳ ಖರ್ಚನ್ನು ನಾಣ್ಯದ ಕೊಳ್ಳುವ ಬೆಲೆಯೆಂದು ತೋರಿಸಿ ಕಳೆಯಲು ಬರುವುದಿಲ್ಲವೆಂದು ಸರ್ಕಾರ ಅದೇ ವರ್ಷದ ಮಾರ್ಚಿನಲ್ಲಿ ಸಂಸತ್ತಿಗೆ ಸ್ಪಷ್ಟಪಡಿಸಿತು.

ಹಾಗೆಂದು ಮಕ್ಕಳ ಕುತೂಹಲವನ್ನು ಗದರಿಸಿ ಅಡಗಿಸಬೇಕೆಂದು ನಾವು ಹೇಳುವುದಿಲ್ಲ. ಹಲವು ಕಾರ್ಡುಗಳನ್ನು ಒಂದು ಗಣಕಕ್ಕೆ ಜೋಡಿಸಿ ನಡೆಸುವ ವಿದ್ಯೆ ಚಲನಚಿತ್ರದ ದೃಶ್ಯರಚನೆಯಲ್ಲಿ, ಕೃತಕ ಬುದ್ಧಿಮತ್ತೆಯ ಕೆಲಸದಲ್ಲಿ ಇಂದು ಬೆಲೆಯುಳ್ಳದ್ದು. ಮಗ ಇನ್ನೆರಡು ಕಾರ್ಡು ಬೇಕೆಂದರೆ ಒಂದು ಹಾಳೆ ಕೊಟ್ಟು ಮೂರು ಲೆಕ್ಕಗಳನ್ನು ಬರೆಸಿರಿ: ಪ್ರತಿ ತಂತಿಯಲ್ಲಿ ಹರಿಯುವ ಆಂಪಿಯರ್ ಎಷ್ಟು, ತಿಂಗಳಿಗೆ ಯೂನಿಟ್ ಎಷ್ಟು, ಈ ನಾಣ್ಯದ ಕೆಲಸ ನಾಳೆ ನಿಂತರೆ ಕಾರ್ಡು ಬೇರಾವ ಕೆಲಸಕ್ಕೆ ಬಂದೀತು. ಮೂರಕ್ಕೂ ಉತ್ತರ ಬರೆದು ತಂದರೆ ಕೂತು ಮಾತಾಡಿರಿ. ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ, ಉಳಿದೆರಡು ಎಷ್ಟೇ ಚೆನ್ನಾಗಿದ್ದರೂ, ಆ ಯಂತ್ರವನ್ನು ಮನೆಯ ಅಟ್ಟಕ್ಕೆ ಏರಿಸಗೊಡಬೇಡಿರಿ.