ಶೇಕಡಾ 8.4: ಒಂದು ಸೀಸೆಯ ಲೆಕ್ಕ ಪರಿಶೋಧನೆ

ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಮೊದಲು ಅದರ ಚೀಟಿಯನ್ನು ಓದುವುದು ಲೆಕ್ಕ ಪರಿಶೋಧಕನಾದವನ ಹಳೆಯ ಚಾಳಿ. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ ಈಚೆಗೆ ತಿಪಟೂರಿಗೆ ಬಂದಾಗ ಅಲ್ಲಿನ ಒಂದು ಸಣ್ಣ ಬ್ರೂವರಿಯ 330 ಮಿಲಿಲೀಟರಿನ ಬಿಯರ್ ಸೀಸೆಯನ್ನು ತಂದು ಮೇಜಿನ ಮೇಲಿಟ್ಟ. ಬೆಲ್ಜಿಯಂ ಮಾದರಿಯ ಹೊಂಬಣ್ಣದ ‘ಬ್ಲಾಂಡ್ ಏಲ್’ ಅದು. ಚೀಟಿಯ ಮೂಲೆಯಲ್ಲಿ ಮದ್ಯಸಾರದ ಪ್ರಮಾಣ ಶೇಕಡಾ 8.4 ಎಂದಿತ್ತು. ಎಂಟೂವರೆ ಎಂದು ದುಂಡಗೆ ಇರಬೇಕಾದಲ್ಲಿ ಈ 8.4 ಏಕೆ ಎಂಬ ಪ್ರಶ್ನೆ ಸೀಸೆ ತೆರೆಯುವ ಮುನ್ನವೇ ನನ್ನನ್ನು ಕಾಡಿತು. ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ ಸಂಗತಿಗಳು ನಮ್ಮ ಸಂಸ್ಥೆಯ ಸದಸ್ಯರಿಗೂ ಪ್ರಯೋಜನಕ್ಕೆ ಬಂದಾವೆಂದು ಈ ಲೇಖನ. ಇದು ಪಾನ ಪ್ರಚಾರವಲ್ಲವೆಂದು ಆರಂಭದಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ.

ಅಂದು ಸಂಜೆ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಲೆಕ್ಕಪತ್ರದ ವಿಚಾರವಾಗಿ ಮನೆಗೆ ಬಂದಿದ್ದರು. ಅವರು ಮದ್ಯವನ್ನು ಮುಟ್ಟುವವರಲ್ಲ. ಆದರೆ ಉಂಡೆ ಕೊಬ್ಬರಿಯನ್ನು ಕೈಯಲ್ಲಿ ತೂಗಿ, ಕಿವಿಯ ಬಳಿ ಕುಲುಕಿ, ಮೂಗಿಗೆ ಹಿಡಿದು ಒಳಗಿನ ಗುಣವನ್ನು ಹೇಳಬಲ್ಲ ಹಿರಿಯರು. ‘ಕುಡಿಯುವುದು ನಿಮಗೇ ಇರಲಿ ಆಡಿಟರೇ, ವಾಸನೆ ನೋಡಲು ನನ್ನದೇನೂ ಅಡ್ಡಿಯಿಲ್ಲ’ ಎಂದು ಕುಳಿತರು.

ಇಂಥ ಬಿಯರಿನ ತಳದಲ್ಲಿ ಯೀಸ್ಟಿನ ತೆಳುವಾದ ಗಸಿ ಇರುತ್ತದೆ, ಏಕೆಂದರೆ ಕೊನೆಯ ಹುದುಗುವಿಕೆ ಸೀಸೆಯೊಳಗೇ ನಡೆಯುತ್ತದೆ. ಆದ್ದರಿಂದ ಅಲುಗಿಸದೆ, ಲೋಟವನ್ನು ಓರೆ ಹಿಡಿದು, ನಿಧಾನವಾಗಿ ಬಗ್ಗಿಸಬೇಕು. ತೀರ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲವಾದ್ದರಿಂದ ಶೀತಕಪೆಟ್ಟಿಗೆಯಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟಿದ್ದೆವು. ಬಣ್ಣ ಎಳೆಯ ಹೊನ್ನಿನದು. ನೊರೆ ಹಾಲಿನ ಕೆನೆಯಂತೆ ದಪ್ಪಗೆ ಕಟ್ಟಿ ಬಹಳ ಹೊತ್ತು ನಿಂತಿತು. ಯಜಮಾನರು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ‘ಮಾಗಿದ ಹಣ್ಣಿದೆ, ಲವಂಗವಿದೆ, ಕಿತ್ತಳೆ ಸಿಪ್ಪೆಯೂ ಇದೆ. ಇವನ್ನೆಲ್ಲ ಹಾಕಿದ್ದಾರೆಯೇ?’ ಎಂದರು. ಯಾವುದನ್ನೂ ಹಾಕಿರಲಿಲ್ಲ. ಮೊಳಕೆ ಬಾರ್ಲಿ, ಹಾಪ್ಸ್, ಸಕ್ಕರೆ, ಯೀಸ್ಟ್, ನೀರು ಇಷ್ಟೇ ಚೀಟಿಯಲ್ಲಿದ್ದವು. ಬೆಲ್ಜಿಯಂ ಮೂಲದ ಯೀಸ್ಟ್ ತುಸು ಬೆಚ್ಚಗಿನ ಹದದಲ್ಲಿ ಹುದುಗುವಾಗ ಈ ಹಣ್ಣಿನ, ಮಸಾಲೆಯ ವಾಸನೆಗಳು ತಾವಾಗಿಯೇ ಹುಟ್ಟುತ್ತವೆ.

ಗುಟುಕಿನಲ್ಲಿ ಮೊದಲು ಸಿಹಿಯ ಭ್ರಮೆ, ಬಳಿಕ ಮೆಣಸಿನಂಥ ಚುರುಕು, ಕೊನೆಗೆ ನಾಲಿಗೆ ಒಣಗಿದಂತೆ ಶುಷ್ಕವಾದ ಮುಕ್ತಾಯ. ಕಡುತನ ಎಲ್ಲಿಯೂ ಕಾಣಲಿಲ್ಲ. ನಮ್ಮಲ್ಲಿ ‘ಸ್ಟ್ರಾಂಗ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಿಯರ್ ತನ್ನ ಕಡುತನವನ್ನು ಮೊದಲ ಗುಟುಕಿನಲ್ಲಿಯೇ ಸಾರಿಬಿಡುತ್ತದೆ, ಇದಾದರೋ ಅದನ್ನು ಬಚ್ಚಿಡುತ್ತದೆ. ಹೀಗೆ ಬಚ್ಚಿಡುವುದು ಗುಣವೂ ಹೌದು, ಅಪಾಯವೂ ಹೌದು. ಶೇಕಡಾ 8.4ರ ಈ ಪುಟ್ಟ ಸೀಸೆಯಲ್ಲಿ 27.7 ಮಿಲಿಲೀಟರು ಶುದ್ಧ ಮದ್ಯಸಾರವಿದೆ. ಶೇಕಡಾ 5ರ 650 ಮಿಲಿಲೀಟರಿನ ದೊಡ್ಡ ಸೀಸೆಯಲ್ಲಿರುವುದು 32.5. ಗಾತ್ರ ಅರ್ಧ, ಸರಕು ಹೆಚ್ಚುಕಡಿಮೆ ಅಷ್ಟೇ. ನಾನು ಅರ್ಧ ಲೋಟಕ್ಕೆ ನಿಲ್ಲಿಸಿದೆ.

ಈ ಮಾದರಿಯ ಹಿರಿಯಣ್ಣನೆಂದರೆ 1871ರಲ್ಲಿ ಸ್ಥಾಪಿತವಾದ ಬೆಲ್ಜಿಯಂನ ಮೂರ್ಟ್‌ಗಾಟ್ ಸಂಸ್ಥೆಯ ‘ಡ್ಯೂವೆಲ್’. ಮೊದಲ ಮಹಾಯುದ್ಧದ ನಂತರ ಆ ಮನೆತನದವರು ಒಳ್ಳೆಯ ಯೀಸ್ಟನ್ನು ಅರಸುತ್ತ ಸ್ಕಾಟ್ಲೆಂಡಿಗೆ ಹೋಗಿ ತಂದರು. ಯುದ್ಧ ವಿಜಯದ ನೆನಪಿಗೆ ‘ವಿಕ್ಟರಿ ಏಲ್’ ಎಂದು ಕರೆದ ಪಾನೀಯಕ್ಕೆ 1923ರಲ್ಲಿ ‘ಸೈತಾನ’ ಎಂಬರ್ಥದ ಡ್ಯೂವೆಲ್ ಹೆಸರು ಬಂತು. ಅಂದು ಬ್ರಿಟನ್ನಿನ ಯೀಸ್ಟ್ ಬೆಲ್ಜಿಯಂಗೆ ಹೋಗಿ ಹೆಸರು ಮಾಡಿತು, ಇಂದು ಬೆಲ್ಜಿಯಂ ಮಾದರಿಯನ್ನು ಬ್ರಿಟನ್ನಿನ ಸಣ್ಣ ತಯಾರಕರು ಅನುಸರಿಸುತ್ತಿದ್ದಾರೆ. ಡ್ಯೂವೆಲ್‌ನ ಪ್ರಮಾಣ ಶೇಕಡಾ 8.5. ಹಾಗಾದರೆ ನಮ್ಮ ಸೀಸೆಯ 8.4?

ಅಡಿಗೆಮನೆಯಲ್ಲಿ ಸಿಗದ ಉತ್ತರ ಸುಂಕದ ಪಟ್ಟಿಯಲ್ಲಿ ಸಿಕ್ಕಿತು. ಬ್ರಿಟನ್ನಿನಲ್ಲಿ 2023ರ ಆಗಸ್ಟ್ 1ರಿಂದ ಮದ್ಯದ ಸುಂಕವನ್ನು ಅದರಲ್ಲಿರುವ ಶುದ್ಧ ಮದ್ಯಸಾರದ ಮೇಲೆ ವಿಧಿಸುವ ಪದ್ಧತಿ ಬಂತು. ಶೇಕಡಾ 3.5ರಿಂದ 8.5ರೊಳಗಿನ ಬಿಯರಿಗೆ ಮದ್ಯಸಾರದ ಪ್ರತಿ ಲೀಟರಿಗೆ ಆರಂಭದ ದರ 21.01 ಪೌಂಡ್, 8.5 ತಲುಪಿದೊಡನೆ ದ್ರಾಕ್ಷಾರಸದ ಸಾಲಿಗೆ ಸೇರಿ 28.50 ಪೌಂಡ್. ಲೆಕ್ಕ ಹಾಕಿ ನೋಡಿದೆ. 330 ಮಿಲಿಲೀಟರಿನ ಸೀಸೆಗೆ 8.4ರಲ್ಲಿ ಸುಂಕ ಸುಮಾರು 58 ಪೆನ್ನಿ, 8.5ರಲ್ಲಿ 80 ಪೆನ್ನಿ. ಸೀಸೆಯೊಳಗೆ ಹೆಚ್ಚಾಗುವ ಮದ್ಯಸಾರ ಮಿಲಿಲೀಟರಿನ ಮೂರನೆಯ ಒಂದು ಭಾಗ, ಹೆಚ್ಚಾಗುವ ಸುಂಕ 22 ಪೆನ್ನಿ! ಇದರ ಮೇಲೆ ಸಣ್ಣ ತಯಾರಕರಿಗೆ ಕೊಡುವ ರಿಯಾಯಿತಿಯೂ 8.5ಕ್ಕಿಂತ ಕಡಿಮೆಯಿದ್ದರೆ ಮಾತ್ರ ದೊರಕುತ್ತದೆ. ಆ ತಯಾರಕರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಿಲ್ಲ. ಆದರೆ ನನ್ನ ಕಕ್ಷಿದಾರರಾಗಿದ್ದರೆ ನಾನು ಕೊಡುತ್ತಿದ್ದ ಸಲಹೆಯೂ 8.4 ಎಂದೇ.

ಸಣ್ಣವರ ಈ ರಿಯಾಯಿತಿಗೆ ಒಂದು ಹಿನ್ನೆಲೆಯಿದೆ. ವರ್ಷಕ್ಕೆ 5,000 ಹೆಕ್ಟೋಲೀಟರು, ಅಂದರೆ ಐದು ಲಕ್ಷ ಲೀಟರು, ಮೀರದ ಬ್ರೂವರಿಗಳಿಗೆ ಬ್ರಿಟಿಷ್ ಸರ್ಕಾರ 2002ರಲ್ಲಿ ಸುಂಕವನ್ನು ಅರ್ಧಕ್ಕಿಳಿಸಿತು. ಊರೂರಿಗೆ ಸಣ್ಣ ಬ್ರೂವರಿಗಳು ಎದ್ದವು. ಜೊತೆಗೆ ಇನ್ನೊಂದು ಕಾಯಿಲೆಯೂ ಬಂತು. ಆ ಮಿತಿಯನ್ನು ದಾಟಿದರೆ ಸುಂಕ ಏರುವುದೆಂದು ಹಲವರು ಬೆಳೆಯುವುದಕ್ಕೇ ಹಿಂಜರಿದರು. 2023ರ ಹೊಸ ಪದ್ಧತಿಯಲ್ಲಿ ಏರಿಕೆಯನ್ನು ಹಂತಹಂತವಾಗಿ ಮಾಡಿದ್ದಾರೆ. ಜಿಎಸ್‌ಟಿಗೆ ಮುಂಚೆ ಕೇಂದ್ರ ಅಬಕಾರಿಯ ₹1.5 ಕೋಟಿ ವಿನಾಯಿತಿಯೊಳಗೆ ಉಳಿಯಲು ಒಂದು ಕಾರ್ಖಾನೆಯನ್ನು ಅಣ್ಣತಮ್ಮಂದಿರ ಹೆಸರಿನಲ್ಲಿ ಎರಡಾಗಿಸಿದ ಉದಾಹರಣೆಗಳನ್ನು ನಮ್ಮ ಓದುಗರು ಬಲ್ಲರು. ವಿವರ ಬೇಡ.

ನಮ್ಮ ದೇಶದಲ್ಲಿ ಈ ಸೀಸೆಯನ್ನು ಬಿಯರ್ ಎಂದು ಮಾರುವಂತೆಯೇ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯ ಪ್ರಕಾರ ಸ್ಟ್ರಾಂಗ್ ಬಿಯರಿನ ಮೇಲ್ಮಿತಿ ಶೇಕಡಾ 8. ಮನುಷ್ಯ ಸೇವನೆಯ ಮದ್ಯ ಜಿಎಸ್‌ಟಿಯ ಹೊರಗಿದ್ದು ರಾಜ್ಯದ ಅಬಕಾರಿಗೆ ಸೇರಿದ್ದು.

ಅಬಕಾರಿ ಎಂದೊಡನೆ ಯಜಮಾನರ ಮಾತು ತೆಂಗಿನ ಮರಕ್ಕೆ ಏರಿತು. ‘ಸಿಹಿಯನ್ನು ಹುದುಗಿಸಿದರೆ ಇದು. ಹುದುಗದಂತೆ ಹಿಡಿದರೆ ನಮ್ಮ ನೀರಾ. ಅವರಿಗೆ ರಿಯಾಯಿತಿ, ನಮಗೆ ಗೋಲಿಬಾರು’ ಎಂದರು. 1990ರ ದಶಕದ ಕೊನೆಯಲ್ಲಿ ನುಸಿಪೀಡೆಯಿಂದ ತೆಂಗಿನ ಇಳುವರಿ ಕುಸಿದಾಗ ದಕ್ಷಿಣ ಕರ್ನಾಟಕದ ರೈತರು ನೀರಾ ಇಳಿಸುವ ಹಕ್ಕು ಕೇಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಆ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿ ರೈತರು ಪ್ರಾಣ ತೆತ್ತರು. ಕರ್ನಾಟಕ ಅಬಕಾರಿ ಕಾಯ್ದೆಗೆ ನೀರಾ ಪರವಾದ ತಿದ್ದುಪಡಿ ಬಂದದ್ದು 2016ರಲ್ಲಿ. ನಡುವೆ ಹದಿನೈದು ವರ್ಷ.

ಸರ್ಕಾರದ ಅಂಜಿಕೆಗೆ ಕಾರಣವಿಲ್ಲದೆ ಇಲ್ಲ. ಹೊಂಬಾಳೆಯಿಂದ ಇಳಿದ ರಸ ಗಾಳಿಯ ಯೀಸ್ಟ್ ತಗಲಿ ಕೆಲವೇ ಗಂಟೆಗಳಲ್ಲಿ ಸೇಂದಿಯಾಗುತ್ತದೆ. ಮಡಕೆಗೆ ಸುಣ್ಣ ಬಳಿಯುವುದು ಹಳೆಯ ತಡೆ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ರಸವನ್ನು ಮರದ ಮೇಲೆಯೇ ತಣ್ಣಗೆ ಹಿಡಿಯುವ ವಿಧಾನ ರೂಪಿಸಿ, ಹಾಗೆ ಸಿಕ್ಕಿದ್ದಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟರು. ಅದನ್ನು ನಾನು ಒಮ್ಮೆ ಕುಡಿದಿದ್ದೇನೆ. ತಿಳಿಯಾದ ಜೇನುಬಣ್ಣ, ಸುಣ್ಣದ ಘಾಟಿಲ್ಲ, ಕಬ್ಬಿನ ಹಾಲಿಗಿಂತ ಹಗುರವಾದ ಸಿಹಿ.

ಒಂದೇ ಸರಕನ್ನು ನಂಬಿದರೆ ಏನಾಗುತ್ತದೆಂಬುದನ್ನು ನಮ್ಮ ಮಾರುಕಟ್ಟೆ ಮರೆಯುವಂತಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ₹11,750 ಇದ್ದಾಗ ತಿಪಟೂರಿನ ಹರಾಜು ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. 2025ರಲ್ಲಿ ಅದೇ ಹರಾಜು ₹25,000 ದಾಟಿತು. ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸುವ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಬೆಳೆಗಾರನಿಗೆ ಇಳಿಸುವ ದಿನದ ಧಾರಣೆ ಹತ್ತಿಸುವ ದಿನ ಗೊತ್ತಿರುವುದಿಲ್ಲ.

ಇಲ್ಲಿ ನನಗೊಂದು ಯೋಚನೆ ಹೊಳೆಯಿತು. ಬೆಲ್ಜಿಯಂ ಮಾದರಿಯ ಕಡು ಏಲ್‌ಗಳಿಗೆ ಸಕ್ಕರೆ ಸೇರಿಸುವುದು ಸಿಹಿಗಾಗಿ ಅಲ್ಲ. ಅದು ಪೂರ್ತಿ ಹುದುಗಿ ಮದ್ಯಸಾರವಾಗುವುದರಿಂದ ಮೈ ಭಾರವಾಗದೆ ಕಡುತನ ಬರುತ್ತದೆ, ಆ ಶುಷ್ಕ ಮುಕ್ತಾಯಕ್ಕೆ ಅದೇ ಕಾರಣ. ನೀರಾ ಕಾಯಿಸಿ ಮಾಡಿದ ತೆಂಗಿನ ಸಕ್ಕರೆಯನ್ನು ಬ್ರೂವರಿಗಳಿಗೆ ಮಾರಬಾರದೇಕೆ? ಸಕ್ಕರೆ ಅಬಕಾರಿ ಸರಕಲ್ಲ, ಹಾಳಾಗುವುದಿಲ್ಲ, ಹಡಗಿನಲ್ಲಿಯೂ ಹೋಗುತ್ತದೆ.

ಯಜಮಾನರು ಕಾಗದ ಕೇಳಿದರು. ಸಾವಿರ ಲೀಟರಿನ ಒಂದು ಅಡಿಗೆಗೆ ಹಿಡಿಯುವ ಸಕ್ಕರೆ, ನನ್ನ ಅಂದಾಜಿನಲ್ಲಿ, ಸುಮಾರು 30 ಕಿಲೋ. ನೂರು ಲೀಟರು ನೀರಾದಿಂದ ಹನ್ನೆರಡರಿಂದ ಹದಿನೈದು ಕಿಲೋ ಸಕ್ಕರೆ ಬರುತ್ತದೆಂದರೆ ಅದಕ್ಕೆ 200ರಿಂದ 250 ಲೀಟರು ನೀರಾ ಸಾಕು. ‘ಅಂದರೆ ಒಂದು ಚೀಲವೂ ತುಂಬುವುದಿಲ್ಲ. ಇದಕ್ಕೆ ಲಾರಿ ಬೇಡ ಆಡಿಟರೇ, ನಿಮ್ಮ ಅಕ್ಕನ ಮಗನ ಪೆಟ್ಟಿಗೆ ಸಾಕು’ ಎಂದು ನಕ್ಕರು. ತೊಡಕುಗಳನ್ನೂ ಅವರೇ ಎಣಿಸಿದರು: ರಸ ಇಳಿಸಿದ ಹೊಂಬಾಳೆ ಕಾಯಿ ಕಚ್ಚುವುದಿಲ್ಲ, ಬೆಳಿಗ್ಗೆ ಸಂಜೆ ಮರ ಹತ್ತುವ ಆಳು ಸಿಗುವುದಿಲ್ಲ, ಕಾಯಿಸಲು ಸೌದೆ ಬೇಕು. ನಾನು ಸೇರಿಸಿದ್ದು ಒಂದೇ. ತೆಂಗಿನ ಸಕ್ಕರೆ ಕಂದುಬಣ್ಣದ್ದು, ಸುಟ್ಟ ಬೆಲ್ಲದ ವಾಸನೆಯದು. ಹೊಂಬಣ್ಣದ ಏಲ್‌ನ ಬಣ್ಣವನ್ನು ಅದು ಕೆಡಿಸೀತು. ಬೆಲ್ಜಿಯಂನವರದೇ ಕಂದು ಏಲ್‌ಗೆ ಆದರೆ ಒಪ್ಪೀತು.

ಇಷ್ಟಾಗಿಯೂ ಯಜಮಾನರು ಕಾಗದವನ್ನು ಹರಿಯಲಿಲ್ಲ, ಮಡಿಸಿ ಜೇಬಿಗಿಟ್ಟುಕೊಂಡರು. ಬೆಂಗಳೂರಿನಲ್ಲಿ ಸ್ವತಃ ಬಿಯರ್ ತಯಾರಿಸಿ ಬಡಿಸುವ ಮನೆಗಳು ಈಗ ಹತ್ತಾರಿವೆ, ಹಡಗು ಏಕೆ, ಮೊದಲು ಅಲ್ಲಿ ವಿಚಾರಿಸಬಹುದಲ್ಲ ಎಂದರು. ಅಕ್ಕನ ಮಗ ಹಿಂತಿರುಗುವಾಗ ಎರಡು ಕಿಲೋ ತೆಂಗಿನ ಸಕ್ಕರೆಯನ್ನು ಮಾದರಿಗೆಂದು ಒಯ್ದಿದ್ದಾನೆ. ಇದರ ಖರೀದಿ ರಶೀದಿ ನನ್ನ ಕಡತದಲ್ಲಿದೆ.