ಕಂಡೆನ್ಸರ್ ಬದಲಾಯಿತು, ಸ್ವರವೂ ಬದಲಾಯಿತೆ?

ನಿರ್ವಾತ ನಳಿಕೆಗಳನ್ನು, ಅಂದರೆ ನಮ್ಮ ಮೆಕ್ಯಾನಿಕ್‌ಗಳು ‘ವಾಲ್ವ್’ ಎಂದು ಕರೆಯುವ ಗಾಜಿನ ಬುರುಡೆಗಳನ್ನು ಬಳಸಿ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವ ಹವ್ಯಾಸ ನಿಮಗಿದ್ದರೆ ಈ ಮಾತನ್ನು ಖಂಡಿತ ಕೇಳಿರುತ್ತೀರಿ: ‘ಆ ಕಂಡೆನ್ಸರ್ ತೆಗೆದು ಇದನ್ನು ಹಾಕಿದೆ, ಹಾಡಿಗೆ ಜೀವ ಬಂತು.’ ಕೆಲವೇ ರೂಪಾಯಿಗೆ ಸಿಗುವ ಧಾರಕದ ಜಾಗಕ್ಕೆ ಸಾವಿರಾರು ರೂಪಾಯಿಯ ವಿದೇಶಿ ಧಾರಕ ತರಿಸುವವರೂ ಇದ್ದಾರೆ. ಸ್ವರ ಬದಲಾದದ್ದು ಧಾರಕದಿಂದಲೇ, ಅಥವಾ ಬೇರೆ ಕಾರಣದಿಂದಲೇ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅದಕ್ಕೆ ಆಮೇಲೆ ಬರೋಣ.

ಬಿಡಿಭಾಗ ಬದಲಿಸಿದಾಗ ಸ್ವರ ನಿಜವಾಗಿಯೂ ಬದಲಾಗುವುದುಂಟು. ಸಾಮಾನ್ಯವಾದ ಒಂದು ಮಂಡಲವನ್ನೇ ತೆಗೆದುಕೊಳ್ಳಿ: ಮೊದಲ ಹಂತದಲ್ಲಿ ಇಸಿಸಿ83, ಕೊನೆಯ ಹಂತದಲ್ಲಿ ಇಎಲ್84. (ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ವಾಲ್ವ್‌ಗಳನ್ನು ತಯಾರಿಸುತ್ತಿತ್ತು.) ಇವೆರಡರ ನಡುವಿನ ಧಾರಕ ಸಂಗೀತದ ಸಂಕೇತವನ್ನು ಮುಂದಕ್ಕೆ ಬಿಡಬೇಕು, ಮೊದಲ ವಾಲ್ವಿನ ಆನೋಡ್‌ನಲ್ಲಿರುವ ಸುಮಾರು 150 ವೋಲ್ಟ್ ನೇರ ವಿಭವವನ್ನು ತಡೆಯಬೇಕು. ಹಳೆಯ ಕಾಗದದ ಧಾರಕಗಳು ವರ್ಷ ಕಳೆದಂತೆ ಸೋರುತ್ತವೆ. ಅದರ ನಿರೋಧ 100 ಮೆಗಾಓಮ್‌ಗೆ ಇಳಿದಿದೆ ಎನ್ನೋಣ. 1.5 ಮೈಕ್ರೋಆಂಪಿಯರ್ ಸೋರಿ, 470 ಕಿಲೋಓಮ್‌ನ ಗ್ರಿಡ್ ರೋಧಕದಲ್ಲಿ 0.7 ವೋಲ್ಟ್ ಏಳುತ್ತದೆ. ಇಎಲ್84ರ ಗ್ರಿಡ್ ಕ್ಯಾಥೋಡ್‌ಗಿಂತ ಸುಮಾರು 7 ವೋಲ್ಟ್ ಋಣವಾಗಿರಬೇಕಾದಲ್ಲಿ ಇದು ಸಣ್ಣ ಏರುಪೇರಲ್ಲ. ವಾಲ್ವ್ ಹೆಚ್ಚು ಪ್ರವಾಹ ಎಳೆದು ಕಾಯುತ್ತದೆ, ಸ್ವರ ಒಡೆಯುತ್ತದೆ. ಇಂಥ ಧಾರಕವನ್ನು ತೆಗೆದು ಹೊಸದು ಹಾಕಿದರೆ ಹಾಡಿಗೆ ಜೀವ ಬಂದೇ ಬರುತ್ತದೆ. ಹೊಸದು ಅಗ್ಗದ್ದಾದರೂ ಸರಿ.

ಧಾರಕದ ಬೆಲೆಗಿಂತ ಅದರ ಮೌಲ್ಯ ಮುಖ್ಯ. 470 ಕಿಲೋಓಮ್ ಜೊತೆ 0.01 ಮೈಕ್ರೋಫ್ಯಾರಡ್ ಇದ್ದರೆ 34 ಹರ್ಟ್ಸ್‌ನಿಂದ ಕೆಳಗಿನ ಸ್ವರಗಳು ಕುಗ್ಗುತ್ತವೆ, 0.005 ಆದರೆ 68 ಹರ್ಟ್ಸ್‌ನಿಂದ. ಮೃದಂಗದ ತೊಪ್ಪಿಯ ನಾದ ತುಸು ತೆಳುವಾಗಬಹುದು. ಆದರೆ ಮೌಲ್ಯ ಒಂದೇ, ಸೋರಿಕೆಯೂ ಇಲ್ಲ ಎಂದಾದರೆ ಎರಡು ತಯಾರಿಕೆಗಳ ನಡುವಿನ ವ್ಯತ್ಯಾಸ ಅತ್ಯಲ್ಪ. ಪೂರ್ಣ ಶಕ್ತಿಯಲ್ಲಿ ಇಎಲ್84 ತಾನೇ 10% ವಿರೂಪವನ್ನು ಬೆರೆಸುತ್ತಿರುವಾಗ ಅದನ್ನು ಹುಡುಕುವುದು ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿದಂತೆ. ನಾನಾದರೆ ಆ ಹಣವನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಹಾಕುತ್ತೇನೆ.

ಹಾಗಾದರೆ ಕಿವಿಗೆ ಬಿದ್ದದ್ದು ಏನು? ಹಳ್ಳಿಯ ತೊಡಕು ಇಲ್ಲಿದೆ. ಮಧ್ಯಾಹ್ನ 230 ವೋಲ್ಟ್ ಇದ್ದ ಲೈನು, ಅದೇ ಟೀಸಿಯ ಮೇಲೆ ನಾಲ್ಕಾರು ಪಂಪ್‌ಸೆಟ್ ಶುರುವಾದರೆ 200ಕ್ಕೆ ಇಳಿಯಬಹುದು. ಮನೆಯಲ್ಲಿ ಕಟ್ಟಿದ ಸೆಟ್ಟಿನಲ್ಲಿ ಸ್ಥಿರಕಾರಿ ಇರುವುದು ಅಪರೂಪ. 250 ವೋಲ್ಟ್‌ನ ಎಚ್‌ಟಿ 217 ಆಗುತ್ತದೆ, 6.3 ವೋಲ್ಟ್‌ನ ಹೀಟರ್ 5.5 ಆಗುತ್ತದೆ. ಶಕ್ತಿ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಸಿಗಬಹುದಾದ ಗರಿಷ್ಠ ಶಕ್ತಿ ಸುಮಾರು ಕಾಲು ಭಾಗ ಕಡಿಮೆ. ಜೋರಾದ ಸ್ವರಗಳು ಬೇಗನೆ ಒಡೆಯುತ್ತವೆ. ಸಂಜೆ ಹಳೆಯ ಧಾರಕ, ಮರುದಿನ ಮಧ್ಯಾಹ್ನ ಹೊಸದು ಕೇಳಿದವರು ಹೋಲಿಸಿದ್ದು ಎರಡು ಧಾರಕಗಳನ್ನೋ, ಪಂಪ್‌ಸೆಟ್ ಇರುವ ಮತ್ತು ಇಲ್ಲದ ಎರಡು ಹೊತ್ತುಗಳನ್ನೋ!

ಎರಡನೆಯದು ಜೋರು. ಸ್ವರ ಕೂದಲೆಳೆಯಷ್ಟು ಜೋರಾದರೆ ನಮಗದು ಜೋರೆಂದು ಅನ್ನಿಸುವುದಿಲ್ಲ, ಚೆನ್ನಾಗಿದೆ ಎನ್ನಿಸುತ್ತದೆ. ತಗ್ಗಿನ ಸ್ವರಗಳು ಜೋರು ಹೆಚ್ಚಿದಂತೆ ಹೆಚ್ಚು ತುಂಬಿ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಮೂರನೆಯದು ನೆನಪು. ನಾದದ ಸೂಕ್ಷ್ಮಗಳು ಕೆಲವೇ ಸೆಕೆಂಡುಗಳಲ್ಲಿ ಮಾಸುತ್ತವೆ. ಬೆಸುಗೆ ಹಾಕಲು ಹತ್ತು ನಿಮಿಷ ಬೇಕು. ಉಳಿದದ್ದನ್ನು ಖರ್ಚು ಮಾಡಿದ ಮನಸ್ಸು ತುಂಬಿಕೊಡುತ್ತದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಭೌತವಿಜ್ಞಾನಿಯಲ್ಲ, ಮನೋವಿಜ್ಞಾನದ ಪ್ರಾಧ್ಯಾಪಕರು ಎಂಬುದು ಇಲ್ಲಿ ನೆನಪಾಗುತ್ತದೆ.

ಪರೀಕ್ಷೆ ಕಷ್ಟವೇನಲ್ಲ. ಸೋರುವ ಧಾರಕಗಳನ್ನು ಮೊದಲೇ ಅಳೆದು ಬಿಸಾಡಿ. ಎರಡೂ ಧಾರಕಗಳ ಒಂದೊಂದು ತುದಿಯನ್ನು ಆನೋಡ್‌ಗೆ ಸೇರಿಸಿ. ಇನ್ನೊಂದು ತುದಿಗಳನ್ನು ಇಬ್ಬಗೆಯ ಸ್ವಿಚ್‌ನ ಮೂಲಕ ಗ್ರಿಡ್‌ಗೆ ಕೊಡಿ; ಈ ತುದಿಗಳಿಂದ ಭೂಸಂಪರ್ಕಕ್ಕೆ 10 ಮೆಗಾಓಮ್‌ನ ಒಂದೊಂದು ರೋಧಕವಿದ್ದರೆ ಸ್ವಿಚ್ ತಿರುಗಿಸುವಾಗ ‘ಧಡ್’ ಎನ್ನುವುದಿಲ್ಲ. ಕೈಹಾಕುವ ಮುನ್ನ ಪ್ಲಗ್ ಕೀಳಿ. ಆರಿಸಿದ ಮೇಲೂ ಫಿಲ್ಟರ್ ಧಾರಕದಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. 100 ಕಿಲೋಓಮ್, 2 ವ್ಯಾಟ್‌ನ ರೋಧಕವನ್ನು ಅದಕ್ಕೆ ಅಡ್ಡವಾಗಿ ಕಾಯಂ ಬೆಸೆದಿರಿ. ಆದರೂ ಮೀಟರ್ 10 ವೋಲ್ಟ್‌ಗಿಂತ ಕಡಿಮೆ ತೋರಿಸುವವರೆಗೆ ಮುಟ್ಟಬೇಡಿ.

ಅರ್ಧ ಗಂಟೆ ಸೆಟ್ಟು ಬಿಸಿಯಾಗಲಿ. ಮೊಬೈಲಿನಿಂದ 400 ಹರ್ಟ್ಸ್ ನಾದ ಕೊಟ್ಟು ಸ್ಪೀಕರಿನ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. ಎರಡೂ ಧಾರಕಗಳಲ್ಲಿ 1%ಗಿಂತ ಹೆಚ್ಚು ಅಂತರ ಇರಬಾರದು. ಲೈನಿನ ವೋಲ್ಟೇಜನ್ನೂ ಬರೆದಿಡಿ. ಆಮೇಲೆ ಮನೆಯವರೊಬ್ಬರು ನಾಣ್ಯ ಚಿಮ್ಮಿ, ನಿಮಗೆ ಕಾಣದಂತೆ ಸ್ವಿಚ್ ಇಡಲಿ. ಒಂದೇ ಹಾಡಿನ ತುಣುಕು, ಹತ್ತು ಸಲ. ಯಾವ ಧಾರಕವೆಂದು ನೀವು ಹೇಳಬೇಕು. ಏಳು ಸರಿಯಾದರೆ ಬೀಗಬೇಡಿ. ಕಣ್ಣು ಮುಚ್ಚಿ ಊಹಿಸಿದವರೂ ಆರರಲ್ಲಿ ಒಂದು ಬಾರಿ ಏಳು ಅಥವಾ ಹೆಚ್ಚು ಅಂಕ ಪಡೆಯುತ್ತಾರೆ. ಒಂಬತ್ತು ಅಥವಾ ಹತ್ತು ಬಂದರೆ ಮಾತು ಬೇರೆ; ಊಹೆಯಿಂದ ಅದು ಆಗುವ ಸಾಧ್ಯತೆ ಸುಮಾರು 1% ಮಾತ್ರ. ಆಗ ಮತ್ತೆ ಹತ್ತು ಸಲ ಮಾಡಿ, ಅದಾದ ಮೇಲೆ ಬೇಕಿದ್ದರೆ ಧಾರಕಕ್ಕೆ ಹಣ ಕಳಿಸಿ.